ಖರಾಡಿಯಲ್ಲಿ ರಾಷ್ಟ್ರಪತಿ ಪ್ರಶಸ್ತಿ

ಸಿನಿಮಾ ನೋಡಿ ಸುಮ್ಮನೆ ಮನೆಗೆ ಹೋಗುವವರಿಗೆ ಏನೂ ಆಗುವುದಿಲ್ಲ. ಸಿನಿಮಾದ ಬಗ್ಗೆ ನಾಲ್ಕು ಮಂದಿಗೆ ತಿಳಿಹೇಳುತ್ತೇನೆ ಅಂತ ಹೊರಟವರಿಗೆ ಮಾತ್ರ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಿನಿಮಾ ಕೂಟವಿದೆ. ಅದರ ಅಧ್ಯಕ್ಷೆ, ಕಾರ್ಯದರ್ಶಿ, ಕುರ್ಚಿ ಹಾಕುವವಳು ಎಲ್ಲ ನಾನೇ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಮಾರಂಭದ ಇತಿಹಾಸ ಈ ಊರಿನ ಕನ್ನಡಿಗರಲ್ಲಿ ನನ್ನಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ. ಬೇರೆ ಯಾರೂ ಓದಲು ಹೋಗಿಲ್ಲ, ಅಷ್ಟೇ.

ನನ್ನ ನೌಕರಿ ಮಾರ್ಕೆಟ್ ಯಾರ್ಡಿನಲ್ಲಿ, ವಿಜಯಪುರ ಕಡೆಯ ಒಬ್ಬ ಈರುಳ್ಳಿ (ಅವರ ಬಾಯಲ್ಲಿ ಉಳ್ಳಾಗಡ್ಡಿ) ಸಾವ್ಕಾರರ ಅಂಗಡಿಯಲ್ಲಿ. ಆ ಅಂಗಡಿಯ ಅಟ್ಟವೇ ನಮ್ಮ ಚಿತ್ರಮಂದಿರವೂ ಆಗಿತ್ತು.

೧. ಅಟ್ಟದ ಮೇಲಿನ ಕಣ್ಣೀರು

ಯಾರ್ಡಿಗೆ ರಜೆ ಇದ್ದ ದಿನ ಅಟ್ಟದ ಗೋಡೆಗೆ ಸಾವ್ಕಾರರ ಬಿಳಿ ಧೋತರ ಕಟ್ಟಿ, ಅದರ ಮೇಲೆ ಸಿನಿಮಾ ಬಿಡುತ್ತಿದ್ದೆವು. ಯಾರ್ಡಿಗೆ ರಜೆ ಇದ್ದರೂ ಹೋಟೆಲುಗಳಿಗೆ ರಜೆ ಇಲ್ಲವಲ್ಲ. ಕೆಳಗೆ ಹೆಂಗಸರು ಕೂತು ಹೋಟೆಲಿಗೆ ಕಳಿಸುವ ಈರುಳ್ಳಿ ಸುಲಿಯುತ್ತಿದ್ದರು. ಘಾಟು ನೆಟ್ಟಗೆ ಮೇಲಕ್ಕೇ ಬರುತ್ತಿತ್ತು.

ಒಮ್ಮೆ ಪುಣೆಯದೇ ಬಡಾವಣೆಯಾದ ಖರಾಡಿಯ ಐಟಿ ಕಂಪನಿಯಲ್ಲಿರುವ ಮೈಸೂರಿನ ಗಂಡಹೆಂಡತಿ ಹೊಸದಾಗಿ ಬಂದರು. ಅವತ್ತು ಹೊಟ್ಟೆ ಹುಣ್ಣಾಗುವಂಥ ನಗೆಯ ಚಿತ್ರ. ಇಬ್ಬರೂ ಮೊದಲಿನಿಂದ ಕೊನೆಯವರೆಗೆ ಬಿಕ್ಕಿಬಿಕ್ಕಿ ಅತ್ತರು. ಮುಗಿದ ಮೇಲೆ ಹುಡುಗಿ ಕಣ್ಣೊರೆಸಿಕೊಂಡು, "ಮೇಡಂ, ಇಷ್ಟು ಟಚಿಂಗ್ ಆಗಿರೋ ಕಾಮಿಡಿ ನಾನು ನೋಡೇ ಇರಲಿಲ್ಲ" ಅಂದಳು. ನಾನು ಕೆಳಗೆ ಕರೆದುಕೊಂಡು ಹೋಗಿ ಕಾರಣ ತೋರಿಸಿದೆ.

ಮುಂದಿನ ಸಲ ಗಂಡ ಜಾಣನಾಗಿ, ಈಜುವವರು ಹಾಕುವ ಕನ್ನಡಕ ಹಾಕಿಕೊಂಡು ಬಂದ. ಅವತ್ತಿನದು ನಿಜವಾಗಿಯೂ ಅಳಿಸುವ ಚಿತ್ರ. ಕನ್ನಡಕದೊಳಗೇ ನೀರು ತುಂಬಿಕೊಂಡು, ಪಾಪ, ಅವನಿಗೆ ಕ್ಲೈಮ್ಯಾಕ್ಸೇ ಕಾಣಲಿಲ್ಲ.

೨. ಎಲ್ಲವೂ ಶಿಕ್ಷಣ

ಆ ದಂಪತಿಗಳೇ ಒಂದು ಆಸೆ ಹುಟ್ಟಿಸಿದರು. ಖರಾಡಿಯಲ್ಲೇ ಇರುವ ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ದೊಡ್ಡ ಹಾಲ್ ಇದೆ, ಏಸಿ ಇದೆ, ಭಾನುವಾರ ಖಾಲಿ ಬಿದ್ದಿರುತ್ತದೆ. ಅದು ಪ್ರತಿ ತಿಂಗಳು ಸಿಕ್ಕರೆ ನಮ್ಮ ಕೂಟ ಉಳಿಯುತ್ತದೆ. ಸಿಗದಿದ್ದರೆ ಮುಳುಗಿತು, ಯಾಕೆಂದರೆ ಘಾಟು ತಾಳಲಾರದೆ ಮಂದಿ ಬರುವುದನ್ನೇ ಬಿಡುತ್ತಿದ್ದರು.

ಸೊಸೈಟಿಯ ಅಧ್ಯಕ್ಷರು ಮರಾಠಿ ಮಾತಾಡುವ ನಿವೃತ್ತ ಇಂಜಿನಿಯರ್. ಮೀಸೆಗೂ ಇಸ್ತ್ರಿ ಮಾಡಿಸುತ್ತಾರೇನೋ ಅನ್ನುವಷ್ಟು ಶಿಸ್ತು. ನಾವು ಬಾಯಿ ತೆರೆಯುವ ಮೊದಲೇ, "ಸಿನಿಮಾಲಾ ಹಾಲ್ ನಾಹೀ. ಫಕ್ತ ಶೈಕ್ಷಣಿಕ ಕಾರ್ಯಕ್ರಮ" ಅಂದುಬಿಟ್ಟರು. ಸಿನಿಮಾಕ್ಕೆ ಹಾಲ್ ಇಲ್ಲ, ಶಿಕ್ಷಣಕ್ಕೆ ಮಾತ್ರ.

ಮೈಸೂರಿನ ಹುಡುಗಿ ಸುಮ್ಮನಿರುವವಳಲ್ಲ. "ಅಂಕಲ್, ಮೊನ್ನೆ ಝುಂಬಾ ಡ್ಯಾನ್ಸ್ ಇತ್ತಲ್ಲ?" ಅಂತ ಹಿಂದಿಯಲ್ಲಿ ಕೇಳಿದಳು.

"ಅದು ಆರೋಗ್ಯ ಶಿಕ್ಷಣ."

"ಬರ್ತ್‌ಡೇ ಪಾರ್ಟಿ?"

"ಸಂಸ್ಕಾರ ಶಿಕ್ಷಣ."

ಇನ್ನು ವಾದ ಮಾಡಿದರೆ ಕೆಟ್ಟಿತು ಅಂತ ನಾನು ನಡುವೆ ಬಾಯಿ ಹಾಕಿದೆ. "ಸಾಹೇಬ್ರ, ನಮ್ಮದು ಸಿನಿಮಾ ಅಲ್ಲ, ಇತಿಹಾಸ. ರಾಷ್ಟ್ರೀಯ ಪ್ರಶಸ್ತಿ ಸಮಾರಂಭ ಶುರುವಿನಿಂದ ಇವತ್ತಿನ ತನಕ ಹೇಗೆ ಬೆಳೆಯಿತು ಅಂತ ವೇದಿಕೆಯ ಮೇಲೆ ಮಾಡಿ ತೋರಿಸುತ್ತೇವೆ" ಅಂತ ನನ್ನ ಯಾರ್ಡಿನ ಮರಾಠಿಯಲ್ಲಿ ಹೇಳಿದೆ. ಪುಣೆಯಲ್ಲಿ ಇತಿಹಾಸ ಅಂದರೆ ಬಾಗಿಲು ತಾನಾಗಿ ತೆರೆಯುತ್ತದೆ. ಒಂದು ಸಂಜೆ ಕೊಡುತ್ತೇನೆ, ಶಿಸ್ತಿನಿಂದ ನಡೆದರೆ ಮುಂದಿನದು ಯೋಚಿಸೋಣ, ಗಲಾಟೆಯಾದರೆ ಮತ್ತೆ ಈ ಕಡೆ ಬರಬೇಡಿ ಅಂದರು.

ಹೊರಗೆ ಬಂದ ಮೇಲೆ ಹುಡುಗಿ ಅಂದಳು: "ಮೇಡಂ, ನಾನೂ ನನ್ ಗಂಡ ಜಗಳ ಆಡಕ್ಕೆ ಹಾಲ್ ಕೇಳಿದ್ರೂ ಕಾನೂನು ಶಿಕ್ಷಣ ಅಂತ ಕೊಡ್ತಿದ್ರೇನೋ!"

೩. ಬರಿಗೈ ನಾಯಕಿ

ಪಾತ್ರ ಹಂಚಲು ಕೂತಾಗ ಎಲ್ಲರಿಗೂ ಶ್ರೇಷ್ಠ ನಟ, ಶ್ರೇಷ್ಠ ನಟಿ ಆಗಬೇಕು. ಇಲ್ಲಿ ನನ್ನ ವಿದ್ಯೆ ನನಗೇ ತಿರುಗಿಬಿತ್ತು. ಆರಂಭದ ವರ್ಷಗಳಲ್ಲಿ ಪದಕವೆಲ್ಲ ಚಿತ್ರಗಳಿಗೆ. ನಟನಟಿಯರಿಗೆ ಅಂತ ಬೇರೆ ಪ್ರಶಸ್ತಿಯೇ ಇರಲಿಲ್ಲ. ಅದು ಬಂದದ್ದು ಎಷ್ಟೋ ವರ್ಷಗಳ ನಂತರ.

ಮೊದಲ ಸಮಾರಂಭದ ದೃಶ್ಯಕ್ಕೆ ನಾಯಕಿ ಅಂತ ನಾನು ಆರಿಸಿದ್ದು ಧಾರವಾಡದ ಹಿರಿಯರೊಬ್ಬರನ್ನು; ನಮಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಮಗಳ ಮದುವೆಯ ಜರಿ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ತಾಲೀಮಿಗೆ ಬಂದರು. ನಿರ್ಮಾಪಕನಿಗೆ ಪದಕ ಹೋಯಿತು. ನಿರ್ದೇಶಕನಿಗೆ ಹೋಯಿತು. ಕಾಕು ಕಾದರು.

"ನಂದ್ಯಾವಾಗ?"

"ಕಾಕು, ನಿಮಗ ಇಲ್ರಿ. ಆಗ ನಾಯಕಿಗೆ ಕೊಡ್ತಿರಲಿಲ್ಲ."

"ಏನ? ಇಡೀ ಸಿನಿಮಾ ಅತ್ತಾಕಿ ನಾನು. ಪದಕ ರೊಕ್ಕಾ ಹಾಕಿದಾಂವಗ? ಇದ್ಯಾವ ಊರ ನ್ಯಾಯ? ಸಣ್ಣ ಮಕ್ಕಳ ಆರತಿಗೆ ಹೋದ್ರೂ ಒಂದು ಎಲಿ ಅಡಿಕಿ ಕೊಟ್ಟ ಕಳಸ್ತಾರ!"

"ಇತಿಹಾಸ ಹಂಗ ಅದರೀ."

"ಹಂಗಿದ್ರ ತಿದ್ದು!" ಅಂತ ಕಾಕು ವೇದಿಕೆಯ ಮೇಲೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಬಾಕಿ ಹೆಂಗಸರೂ ಹೋಗಿ ಅವರ ಪಕ್ಕ ಕೂತರು. ಎಬ್ಬಿಸುವ ದಾರಿ ಕಾಣದೆ ನಾನು ನಟನೆಯ ಪ್ರಶಸ್ತಿಯ ದೃಶ್ಯವನ್ನು ಹಿಂದಕ್ಕೆ ತಂದು ಅಲ್ಲೇ ಜೋಡಿಸಿದೆ. ದೇಶಕ್ಕೆ ವರ್ಷಗಟ್ಟಲೆ ಹಿಡಿದ ಕೆಲಸ ನಮ್ಮಲ್ಲಿ ಒಂದು ಕಪ್ ಚಹಾ ಆರುವುದರೊಳಗೆ ಆಯಿತು.

೪. ಕಮಲ

ಮೊದಮೊದಲು ಇದ್ದದ್ದು ಬರೀ ಚಿನ್ನದ ಪದಕ, ಬೆಳ್ಳಿಯ ಪದಕ. ಸ್ವರ್ಣಕಮಲ, ರಜತಕಮಲ ಅನ್ನುವ ಚೆಂದದ ಹೆಸರುಗಳು ಬಂದದ್ದು ಆಮೇಲೆ. ಕಮಲಗಳ ಜವಾಬ್ದಾರಿಯನ್ನು ಮೈಸೂರಿನ ಹುಡುಗನಿಗೆ ವಹಿಸಿದೆ. ಅವನು ತಮ್ಮ ಆಫೀಸಿನ ಗೆಳೆಯನೊಬ್ಬನಿಂದ ತ್ರೀ-ಡಿ ಪ್ರಿಂಟರಿನಲ್ಲಿ ಮಾಡಿಸಿಕೊಂಡು ಬಂದ. ಎಸಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಕಮಲ ಕೆಳಗೆ ಗುಂಡಗೆ, ಮೇಲೆ ಚೂಪಗೆ ಬಂದಿತ್ತು. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಹುಡುಗನ ಮುಖ ಸಣ್ಣದಾಯಿತು.

ಸಾವ್ಕಾರರು ಮಾತ್ರ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ತೂಗಿ ನೋಡಿದರು. ಅವರ ಮುಖ ಅರಳಿತು. "ಭಾಳ ಛಲೋ ಆಗೇದ ತಮ್ಮಾ. ಇಂಥಾ ಒಣಗಿದ ಉಳ್ಳಾಗಡ್ಡಿ ಈ ಸಲ ಯಾರ್ಡಿಗೇ ಬಂದಿಲ್ಲ!"

೫. ಮೌನದ ತಾಲೀಮು

ಅಸಲಿ ಸಮಾರಂಭಕ್ಕೂ ಮೊದಲು ತಾಲೀಮು ಇರುತ್ತದೆ. ವಿಜೇತರು ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಕೈಮುಗಿದು ಇಳಿಯಬೇಕು ಎಲ್ಲ ಕಲಿಸುತ್ತಾರೆ. ನಮ್ಮಲ್ಲಿ ವಿಜೇತರೆಲ್ಲ ಬೇಗ ಕಲಿತರು. ಕಲಿಯದವರು ರಾಷ್ಟ್ರಪತಿ.

ರಾಷ್ಟ್ರಪತಿಯ ಪಾತ್ರ ನಮ್ಮ ಸಾವ್ಕಾರರದು. ಎತ್ತರದ ಆಳು, ಬಿಳಿ ಮೀಸೆ, ಬಂದ್‌ಗಲೆ ಕೋಟು ಹಾಕಿದರೆ ಎದ್ದು ನಿಲ್ಲಬೇಕು ಅನ್ನಿಸುವಂಥ ಗತ್ತು. ಆದರೆ ಅವರ ಅಂಗಡಿಗೆ ಬಂದವರು ಯಾರೂ ಮಾತಾಡಿಸಿಕೊಳ್ಳದೆ ಹೋದವರಲ್ಲ. ಪ್ರತಿ ವಿಜೇತನಿಗೂ ಶುರು: "ಬರ್ರಿ ಬರ್ರಿ, ಆರಾಮ ಅದೀರಿ? ಯಾವೂರಾಯ್ತು? ಊಟ ಆತೇನ್ರಿ?" ಒಬ್ಬ ಛಾಯಾಗ್ರಾಹಕನ ಪಾತ್ರದವನಿಗೆ ಅಲ್ಲೇ ಕನ್ಯೆ ನೋಡಲು ಶುರುಮಾಡಿದರು.

"ಸಾವ್ಕಾರ್ರ, ರಾಷ್ಟ್ರಪತಿಗಳು ಹಂಗ ಮಾತಾಡಸೂದಿಲ್ರಿ."

"ಅಷ್ಟ ದೂರದಿಂದ ಬಂದ ಮಂದಿ, ಊಟದ್ದರೆ ಕೇಳಬೇಕಲ್ರಿ ಅಕ್ಕಾರ?"

"ನೀವು ತುಟಿ ಎರಡು ಮಾಡಿದ್ರ ನಮ್ಮ ಹಾಲ್ ಹೋಯ್ತ ಅಂತ ತಿಳೀರಿ."

ಅವರಿಗೆ ಬೇಸರವಾಯಿತು. ಆದರೂ ವೇದಿಕೆಯ ಮೇಲೆ ಒಂದೂ ಮಾತಾಡುವುದಿಲ್ಲ ಅಂತ ಆಣೆ ಮಾಡಿದರು. ಮಾಡಿದ ಮೇಲೆ ಆಣೆಯ ಸಾಕ್ಷಿಗೆ ಕೂತವರನ್ನೆಲ್ಲ ಕೇಳಿದರು: "ನಿಮ್ಮದೆಲ್ಲ ಊಟ ಆತೇನ್ರಿ?"

೬. ಶಾಲಿನ ಕೆಳಗೆ

ಆ ಸಂಜೆ ಹಾಲ್ ತುಂಬಿತ್ತು. ಸೊಸೈಟಿಯ ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕಂಬದ ಹಾಗೆ ಕೂತಿದ್ದರು. ಪದಕಗಳ ಕಾಲ, ನಾಯಕಿಯ ಕಾಲ, ಕಮಲಗಳ ಕಾಲ ಎಲ್ಲ ಸರಾಗವಾಗಿ ದಾಟಿದವು. ಸಾವ್ಕಾರರ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಕೊನೆಯದು ಜೀವಮಾನ ಸಾಧನೆಯ ದೊಡ್ಡ ಪ್ರಶಸ್ತಿ. ಅದಕ್ಕೆ ಕಮಲದ ಜೊತೆ ಶಾಲೂ ಇರುತ್ತದೆ. ಅದನ್ನು ಪಡೆಯಲು ನಾನು ಸ್ವತಃ ಅಧ್ಯಕ್ಷರನ್ನೇ ವೇದಿಕೆಗೆ ಕರೆದೆ. ಹಾಲ್ ಬೇಕಾದವಳು ನಾನು, ಅಷ್ಟೂ ತಿಳಿಯದೇ?

ಸಾವ್ಕಾರರು ಕಮಲ ಕೊಟ್ಟರು. ಶಾಲು ಹೊದಿಸಲು ಹೋದರು. ಅದು ಅಧ್ಯಕ್ಷರ ಹೆಗಲಿನಿಂದ ಜಾರಿ ಇಬ್ಬರ ಕೈಗಳ ಮೇಲೆ ಬಿತ್ತು. ಬಿದ್ದದ್ದನ್ನು ಯಾರೂ ಎತ್ತಲಿಲ್ಲ. ಇಬ್ಬರೂ ಶಾಲಿನ ಕೆಳಗೆ ಕೈ ಹಿಡಿದುಕೊಂಡು ನಿಂತೇ ನಿಂತರು. ಸಾವ್ಕಾರರು ಒಮ್ಮೆ ಇಡೀ ಹಾಲನ್ನು ಗೋಡೆಯಿಂದ ಗೋಡೆಗೆ ನೋಡಿ, ಆಮೇಲೆ ಸೂರು ನೋಡತೊಡಗಿದರು. ಅಧ್ಯಕ್ಷರ ಮೀಸೆ ಕುಣಿಯಿತು. ಅವರು ತಲೆ ಅಡ್ಡಡ್ಡ ಆಡಿಸಿದರು. ಶಾಲು ಅಲುಗಿತು. ಮತ್ತೆ ಅಡ್ಡಡ್ಡ ಆಡಿಸಿದರು.

ಮಂದಿ ಚಪ್ಪಾಳೆ ತಟ್ಟಿ, ನಿಲ್ಲಿಸಿ, ಇನ್ನೂ ಮುಗಿದಿಲ್ಲ ಅಂತ ಮತ್ತೆ ತಟ್ಟಿದರು. ನಾನು ಮೈಕಿನಲ್ಲಿ "ಇದು ಅತ್ಯಂತ ಗೌರವದ ಗಳಿಗೆ" ಅಂದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಅಂದೆ. ಪಕ್ಕದಲ್ಲಿ ಕಾಕು, "ಶಾಲು ಯಾರ ಮನಿದು ಅಂತ ಜಗಳ ನಡದದೇನ?" ಅಂತ ಪಿಸುಗುಟ್ಟಿದರು. ಗಲಾಟೆ ಆಗೇ ಹೋಯಿತು, ನಮ್ಮ ಕೂಟದ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಅಧ್ಯಕ್ಷರು ಕೈ ಬಿಡಿಸಿಕೊಂಡು, ಶಾಲನ್ನು ಹೆಗಲಿಗೇರಿಸಿ, ನನ್ನ ಮೈಕ್ ಇಸಿದುಕೊಂಡರು. ಇನ್ನು ಮೇಲೆ ತಿಂಗಳಿಗೆ ಎರಡು ಭಾನುವಾರ ಈ ಹಾಲ್ ಕನ್ನಡ ಸಿನಿಮಾ ಕೂಟಕ್ಕೆ ಅಂತ ಘೋಷಿಸಿಬಿಟ್ಟರು! ನನ್ನ ಕಣ್ಣಲ್ಲಿ ನೀರು ಬಂತು. ಸುತ್ತ ಎಲ್ಲೂ ಈರುಳ್ಳಿ ಇರಲಿಲ್ಲ.

ತೆರೆಯ ಹಿಂದೆ ಸಾವ್ಕಾರರನ್ನು ಹಿಡಿದೆ. "ಏನ್ ಮಾಡಿದ್ರೀ?"

"ವ್ಯಾಪಾರ" ಅಂದರು. ಅವರ ಅಪ್ಪನ ಕಾಲದಲ್ಲಿ ದರವನ್ನು ಬಾಯಿಂದ ಕೂಗುತ್ತಿರಲಿಲ್ಲವಂತೆ. ಟವೆಲ್ ಮುಚ್ಚಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ ಸೌದಾ ಮುಗಿಸುತ್ತಿದ್ದರಂತೆ. "ಮಾಲು ಕಣ್ಣಿಲೆ ತೋರಸಬೇಕು, ದರ ಬೆರಳಿಲೆ ಹೇಳಬೇಕು. ಹಾಲ್ ತೋರಸಿದೆ, ತಿಂಗಳಿಗೆ ನಾಕು ರವಿವಾರ ಅಂತ ನಾಕು ಬೆರಳು ಹಿಡದೆ. ಆ ಮನಿಶ್ಯಾ ನಾಕು ಒಲ್ಲೆ ಅಂತ ಒಂದ ಬೆರಳು ಕೊಟ್ಟ! ಆಗ ಗೊತ್ತಾತ್ರಿ, ಇಂವ ಬರೇ ಇಂಜಿನಿಯರ್ ಅಲ್ಲ, ದನದ ಸಂತಿ ಕಂಡಾಂವ ಅಂತ. ಒಂದರ ಮ್ಯಾಲೆ ಕುಂತಾಂವನ್ನ ಎರಡಕ್ಕ ತಂದೇನಿ!" ಅವರು ಗೆದ್ದ ಪೈಲವಾನನ ಹಾಗೆ ಎದೆ ಉಬ್ಬಿಸಿ ಹೋದರು.

ನಾನು ಥ್ಯಾಂಕ್ಸ್ ಹೇಳಲು ಅಧ್ಯಕ್ಷರ ಹತ್ತಿರ ಹೋದೆ. ಶಾಲು ಹೊದ್ದುಕೊಂಡೇ ಚಹಾ ಕುಡಿಯುತ್ತಿದ್ದರು. ಅವರು ಪುಣೆ ಜಿಲ್ಲೆಯ ಇಂದಾಪುರದವರಂತೆ, ಸಣ್ಣವರಿದ್ದಾಗ ಅಪ್ಪನ ಜೊತೆ ಎತ್ತಿನ ಸಂತೆಗೆ ಹೋಗುತ್ತಿದ್ದರಂತೆ. ಎಷ್ಟೋ ವರ್ಷಗಳ ನಂತರ ಯಾರೋ ಸರಿಯಾಗಿ ಬೆರಳು ಹಿಡಿದರು ಅಂತ ಅವರ ಧ್ವನಿ ಮೆತ್ತಗಾಗಿತ್ತು. ಆಮೇಲೆ ಅತ್ತಿತ್ತ ನೋಡಿ, ಬಗ್ಗಿ, ಮರಾಠಿಯಲ್ಲಿ ಗುಟ್ಟಾಗಿ ಹೇಳಿದರು: "ಮ್ಯಾಡಮ್, ನಾನು ಮೂರು ಭಾನುವಾರ ಕೊಡಲು ತಯಾರಾಗಿದ್ದೆ. ನಿಮ್ಮ ರಾಷ್ಟ್ರಪತಿಗಳೇ ಅವಸರ ಮಾಡಿ ಎರಡಕ್ಕೆ ಕೈ ಬಿಟ್ಟರು!"

ಇದನ್ನು ನಾನು ಸಾವ್ಕಾರರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಂಗಡಿ ಮುಚ್ಚಿ, ಇನ್ನೊಂದು ಶಾಲು ತಗೊಂಡು, ನಾಳೆಯೇ ಖರಾಡಿಗೆ ಹೊರಡುತ್ತಾರೆ.