ತಾಟು ಒದ್ದಾಕಿಯ ಸಿನಿಮಾ

ಅತ್ತೆಯ ಊಟದ ತಾಟು ಒದೆಯುವ ನಾಯಕಿಯ ಆ ಹಳೆಯ ಹಿಂದಿ ಸಿನಿಮಾ ನಮ್ಮ ಡೇರೆ ಟಾಕೀಸಿಗೆ ಬಂದಾಗೆಲ್ಲ ಏನಾದರೊಂದು ಫಜೀತಿ ಆಗದೇ ಇರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದಿತ್ತು, ಏಕೀಕರಣ ಇನ್ನೂ ಭಾಷಣಗಳಲ್ಲೇ ಇತ್ತು. ಆದರೆ ಗದಗಿನವರು, ಲಕ್ಷ್ಮೇಶ್ವರದವರು, ಶಿರಹಟ್ಟಿಯವರು ಆ ನಾಯಕಿಯನ್ನು ಬೈಯುವುದರಲ್ಲಿ ಆಗಲೇ ಒಂದಾಗಿಬಿಟ್ಟಿದ್ದರು. ಪರದೆಯ ಪಕ್ಕ ನಿಂತು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು, ಹಿಂದಿ ಮಾತನ್ನು ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಹೀಗಾಗಿ ಆಕೆಗೆ ಬಿದ್ದ ಬೈಗುಳದಲ್ಲಿ ಅರ್ಧ ಪಾಲು ನನಗೂ ಬರುತ್ತಿತ್ತು.

ರೊಟ್ಟಿ ಗಂಟು

ಲಕ್ಷ್ಮೇಶ್ವರದಲ್ಲಿ ತಾಟು ಒದ್ದ ದೃಶ್ಯ ಮುಗಿಯುತ್ತಲೇ ರೀಲು ಬದಲಿಸಲು ಆಟ ನಿಂತಿತು. ಒಬ್ಬ ಮುದುಕಿ ಎದ್ದು ಬಂದು ಪರದೆಯ ಮುಂದೆ ರೊಟ್ಟಿ ಗಂಟು ಇಟ್ಟಳು.

“ಏನಬೇ ಇದು?” ಅಂದೆ.

“ಆ ಅತ್ತಿ ಎರಡು ದಿನದಿಂದ ಉಂಡಿಲ್ಲಂತ ನೀನ ಹೇಳಿದೆಲ್ಲಪಾ. ಆಕಿಗೆ ಕೊಡು. ಆ ಸೊಸಿ ಕಣ್ಣಿಗೆ ಬೀಳಬಾರದು ನೋಡು ಮತ್ತ!”

ಆಟ ಮುಗಿದ ಮೇಲೆ ನಾನೂ ಆಪರೇಟರನೂ ಹಂಚಿಕೊಂಡು ಉಂಡೆವು. ರೊಟ್ಟಿಯ ಜೊತೆಗಿದ್ದ ಪುಂಡಿಪಲ್ಯ ಬಹಳ ರುಚಿಯಾಗಿತ್ತು. ಮರುದಿನದಿಂದ ನನ್ನ ಕೊಳವೆಯಲ್ಲಿ ಆ ಅತ್ತೆ ನಾಲ್ಕು ದಿನ ಉಪವಾಸ ಇರತೊಡಗಿದಳು.

ಹಿಂದುಮುಂದಾದ ರೀಲು

ಶಿರಹಟ್ಟಿಯಲ್ಲಿ ಆಪರೇಟರ್ ಕೊನೆಯ ರೀಲನ್ನು ಮೊದಲೇ ಹಾಕಿಬಿಟ್ಟ. ನಾಯಕಿ ಅತ್ತು ಕರೆದು ಅತ್ತೆಯ ಕಾಲಿಗೆ ಬಿದ್ದಳು. ಆಮೇಲೆ ಉಳಿದ ರೀಲುಗಳಲ್ಲಿ ಆರಾಮವಾಗಿ ತಾಟು ಒದ್ದಳು. ಕೂಗಿ ಹೇಳುತ್ತಿದ್ದ ನನಗೆ ಬೆವರೋ ಬೆವರು. ಜನ ಇವತ್ತು ನಮ್ಮನ್ನು ಬಿಡುವುದಿಲ್ಲ ಅಂದುಕೊಂಡೆ. ಆಟ ಮುಗಿದಾಗ ಒಬ್ಬ ಹಿರಿಯ ರೈತ ನೇರವಾಗಿ ನನ್ನ ಹತ್ತಿರವೇ ಬಂದ.

“ತಮ್ಮಾ, ಸಿನಿಮಾದವರು ಬರೇ ಸುಳ್ಳ ತೋರಸ್ತಾರ ಅಂತಿದ್ದೆ. ಇದು ಖರೆ ಐತಿ. ನಮ್ಮ ಮನ್ಯಾಗೂ ಹಿಂಗ ಆತು. ಮದಲ ಕಾಲಿಗೆ ಬಿದ್ದಳು, ಆಮ್ಯಾಲ ತಾಟು ಒದ್ದಳು!”

ಡೇರೆ ಆ ಊರು ಬಿಡುವವರೆಗೂ ಮಾಲಕರು ರೀಲುಗಳನ್ನು ಹಾಗೆಯೇ ಹಾಕಿಸಿದರು.

ಚಪ್ಪಾಳೆ

ನಮ್ಮೂರು ಗದಗಿನಲ್ಲಿ ಮಾತ್ರ ನನ್ನ ಹೊಟ್ಟೆಗೇ ಸಂಚಕಾರ ಬಂತು. ಸೊಸೆಯರು ಕೆಡುತ್ತಾರೆಂದು ಅತ್ತೆಯರು ಅವರನ್ನು ಕಳಿಸಲೇ ಇಲ್ಲ, ತಾವೂ ಬರಲಿಲ್ಲ. ಹೆಂಗಸರ ಕಡೆ ಎಲ್ಲ ಖಾಲಿ.

“ಶನಿವಾರ ಆ ಕಡೆ ತುಂಬಲಿಲ್ಲಂದ್ರ ಡೇರೆ ಬಿಚ್ಚತೀನಿ. ನೀ ಬ್ಯಾರೆ ಕೆಲಸ ನೋಡ್ಕೊ,” ಅಂದರು ಮಾಲಕರು.

ನನಗೆ ಮದುವೆಯಾಗಿ ಎರಡೇ ತಿಂಗಳಾಗಿತ್ತು. ನಿಜಕ್ಕೂ ಹೆದರಿದೆ. ಎತ್ತಿನ ಚಕ್ಕಡಿ ಹತ್ತಿ, ಬೆಟಗೇರಿಯಿಂದ ಮಲ್ಲಸಮುದ್ರದವರೆಗೂ ಗಂಟಲು ಹರಿಯುವಂತೆ ಕೂಗಿದೆ: “ಅತ್ತಿಗಳಿರಾ! ಸೊಸಿ ಹೆಂಗಿರಬಾರದು ಅನ್ನೋದನ್ನ ನೋಡ ಬರ್ರಿ! ನಿಮ್ಮ ಸೊಸಿನ್ನೂ ಕರಕೊಂಡು ಬಂದು ತೋರಸ್ರಿ!”

ಶನಿವಾರ ಸಂಜೆ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಅವ್ವನೂ ನನ್ನ ಹೆಂಡತಿಯನ್ನು ಕರೆತಂದು ಎಲ್ಲೋ ನಡುವೆ ಕುಳಿತಿದ್ದಳು. ಗೆದ್ದೆ! ಆ ಹುರುಪಿನಲ್ಲಿ ನನಗೆ ಹಿಂದಿ ಮರೆತೇ ಹೋಯಿತು. ನಾಯಕಿ ತಾಟು ಒದ್ದು ಏನೋ ಅಂದಳು. ನಾನು ಬಾಯಿಗೆ ಬಂದದ್ದು ಕೂಗಿದೆ: “ಅತ್ತೀ, ಮುಂಜಾನಿಂದ ದುಡದು ಸಾಕಾಗೇತಿ. ಇವತ್ತಿನ ರೊಟ್ಟಿ ನೀವ ಬಡೀರಿ!”

ಕತ್ತಲಲ್ಲಿ ಒಂದು ಚಪ್ಪಾಳೆ ಕೇಳಿತು. ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಗದಗ-ಬೆಟಗೇರಿಯ ಸೊಸೆಯರೆಲ್ಲ ಸೆರಗಿನೊಳಗೇ ಕೈ ಬಡಿಯುತ್ತಿದ್ದರು.

ಒಬ್ಬ ಅತ್ತೆಗೆ ತಡೆಯಲಾಗಲಿಲ್ಲ. “ಮದಲ ಚಪ್ಪಾಳಿ ಹೊಡದಾಕಿ ಯಾರ ಮನಿ ಸೊಸಿ? ಆಕಿ ಅತ್ತಿ ಎದ್ದು ನಿಂದರಲಿ, ಮಾರಿ ನೋಡೋಣು!”

ಆಪರೇಟರ್ ಗಾಬರಿಯಾಗಿ ದೀಪ ಹಾಕಿದ. ಎಲ್ಲರ ಚಪ್ಪಾಳೆ ನಿಂತಿತ್ತು. ಕಣ್ಣು ಮುಚ್ಚಿಕೊಂಡು ಇನ್ನೂ ಹೊಡೆಯುತ್ತಿದ್ದವಳು ಒಬ್ಬಳೇ, ನನ್ನ ಹೆಂಡತಿ. ಆಕೆಯ ಅತ್ತೆಯನ್ನು ಎಬ್ಬಿಸುವ ಅಗತ್ಯವೇ ಇರಲಿಲ್ಲ. ಕೂಗಿದವಳು ನಮ್ಮ ಅವ್ವನೇ, ಆಗಲೇ ಎದ್ದು ನಿಂತಿದ್ದಳು.

ಡೇರೆ ಹಾರಿಹೋಗುವಂತೆ ಜನ ನಕ್ಕರು. ಕೊನೆಗೆ ಅವ್ವನೂ ನಕ್ಕು ಕೂತಳು. ಮಾಲಕರು ಡೇರೆ ಬಿಚ್ಚುವ ಮಾತು ಮತ್ತೆ ಎತ್ತಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಬಂದು ಮುಂದೆ ಕುಳಿತವರು ಅವ್ವ ಮತ್ತು ನನ್ನ ಹೆಂಡತಿ. ಅವತ್ತು ನಮ್ಮ ಮನೆಯಲ್ಲಿ ರೊಟ್ಟಿ ಬಡಿದವನು ನಾನು.