ಬಾನೆಟ್ ಮೇಲಿನ ಮೇಷ್ಟ್ರು

ಸ್ಟೇರಿಂಗ್ ಹಿಡಿದವನು ಒಂದಲ್ಲ ಒಂದು ದಿನ ನಗೆಪಾಟಲಾಗಲೇಬೇಕು. ನನಗೆ ಆ ಯೋಗ ವಾರಕ್ಕೊಮ್ಮೆ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನ ಕಚೇರಿಯೊಂದರ ಹಂಗಾಮಿ ಜೀಪ್ ಡ್ರೈವರ್. ಎರಡು ಸಲ ಜೀಪನ್ನು ಚರಂಡಿಗೆ ಇಳಿಸಿದ್ದೆ. ಸಾಹೇಬರು ರೋಸಿಹೋಗಿ, ಮಿಲಿಟರಿಯಲ್ಲಿ ಲಾರಿ ಓಡಿಸಿ ನಿವೃತ್ತರಾದ ಮೇಷ್ಟ್ರೊಬ್ಬರನ್ನು ಕರೆಸಿದರು. ನನಗೂ ತರೀಕೆರೆ ಕಚೇರಿಯ ಡ್ರೈವರನಿಗೂ ಮೂರು ದಿನದ ತರಬೇತಿ. ಕೊನೆಗೆ ಮೇಷ್ಟ್ರು ಸಹಿ ಹಾಕಿದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಗಡ್ಡ

ಮೊದಲ ದಿನ ಯಗಟಿ ರಸ್ತೆ. ಮೇಷ್ಟ್ರು ನನ್ನ ಪಕ್ಕ ಕೂತು, ಮುಖಕ್ಕೆ ಸೋಪು ಬಳಿದುಕೊಂಡು, ಕ್ಷೌರದ ಕತ್ತಿ ಬಿಚ್ಚಿದರು.

"ನೀನು ಓಡ್ಸು, ನಾನು ಗಡ್ಡ ಮಾಡ್ಕೋತೀನಿ. ಗೇರು, ಬ್ರೇಕು ಯಾವ್ದೂ ಈ ಕತ್ತಿಗೆ ಗೊತ್ತಾಗ್ಬಾರ್ದು."

ಅಂಥ ಗುಂಡಿಗೆಯ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾನು ಎರಡನೇ ಗೇರು ದಾಟಲೇ ಇಲ್ಲ. ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಯಗಟಿ ತಲುಪಿದಾಗ ಮೇಷ್ಟ್ರು ಕೆನ್ನೆ ಸವರಿಕೊಂಡರು.

"ಒಂದು ಗಾಯ ಇಲ್ಲ, ಭೇಷ್! ಆದ್ರೆ ನೀನು ಬಂದ ಸ್ಪೀಡಿಗೆ ಗಡ್ಡ ಮತ್ತೆ ಬೆಳ್ದೈತೆ ಕಣಪ್ಪ."

ಕೆಸರು

ಎರಡನೇ ದಿನ ಅಜ್ಜಂಪುರದ ಎರೆಮಣ್ಣು. ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು. ಗಾಡಿ ಜಾರಿದರೆ ಬ್ರೇಕ್ ಮುಟ್ಟಬಾರದು, ಹಿಂಭಾಗ ಎತ್ತ ಜಾರುತ್ತದೋ ಅತ್ತಲೇ ಸ್ಟೇರಿಂಗ್ ತಿರುಗಿಸಬೇಕು. ಮೇಷ್ಟ್ರು ಬೇಕೆಂದೇ ಜೀಪನ್ನು ಜಾರಿಸಿ, ಒಂದೇ ಕೈಯಲ್ಲಿ ನೆಟ್ಟಗೆ ಮಾಡಿ ತೋರಿಸಿದರು. ಹೊಲದವರು ಕೆಲಸ ಬಿಟ್ಟು ನೋಡಿದರು.

ತರೀಕೆರೆಯವನು ಮಾತ್ರ, ತನ್ನ ಕಚೇರಿಯಿಂದ ತಂದಿದ್ದ ಜೀಪು ಜಾರಿದಾಗ, ಗಾಬರಿಯಲ್ಲಿ ಬ್ರೇಕ್ ಒತ್ತಿಯೇಬಿಟ್ಟ. ಜೀಪು ಎರಡು ಸುತ್ತು ತಿರುಗಿ, ತರೀಕೆರೆ ಕಡೆಗೆ ಮುಖ ಮಾಡಿ ನಿಂತಿತು.

"ಏನಪ್ಪಾ ಇದು?" ಎಂದರು ಮೇಷ್ಟ್ರು.

"ನಾನೇನೂ ಮಾಡ್ಲಿಲ್ಲ ಸಾರ್. ಜೀಪಿಗೇ ಮನೆ ನೆನಪಾಗಿರ್ಬೇಕು."

ಪರೀಕ್ಷೆ

ಮೂರನೇ ದಿನ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ನನ್ನ ಪರೀಕ್ಷೆ. ಎರಡು ಸಾಲು ಕಲ್ಲು ಇಟ್ಟಿದ್ದರು. ಒಂದನ್ನೂ ತಾಗಿಸದೆ ನಡುವೆ ರಿವರ್ಸ್ ಹೋಗಬೇಕು. ಚಕ್ರ ನೋಡಲೆಂದು ಮೇಷ್ಟ್ರು ಜೀಪಿನ ಮುಂದೆ ಬಂದು ಬಗ್ಗಿದರು. ಅಷ್ಟರಲ್ಲಿ, ಎಳೆಗರುವಿನ ಜೊತೆ ಮೇಯುತ್ತಿದ್ದ ಅಮೃತಮಹಲ್ ಹಸುವೊಂದು ಕೊಂಬು ಬಗ್ಗಿಸಿ ನುಗ್ಗಿತು. ಮೇಷ್ಟ್ರು ಬಾನೆಟ್ ಮೇಲೆ ಹಾರಿ ಮಲಗಿ, ಗಾಜಿನ ಚೌಕಟ್ಟು ಹಿಡಿದುಕೊಂಡರು. ನಾನು ರಿವರ್ಸ್ ಹಾಕಿದೆ.

ಅಷ್ಟು ನೆಟ್ಟಗೆ ನಾನು ಜನ್ಮದಲ್ಲಿ ಓಡಿಸಿರಲಿಲ್ಲ. ಅವರ ಬೆನ್ನ ಹಿಂದೆ ಹಸು, ಮುಂದೆ ನನ್ನ ಮುಖ. ಆಗಲೂ ಪಾಠ ನಿಲ್ಲಲಿಲ್ಲ: "ನನ್ನನ್ಯಾಕೆ ನೋಡ್ತೀಯ? ಹಿಂದೆ ನೋಡ್ಲೇ!"

ಒಂದು ಕಲ್ಲೂ ತಾಗಲಿಲ್ಲ. ಹಸು ಕರುವಿನ ಕಡೆಗೆ ತಿರುಗಿತು. ಮೇಷ್ಟ್ರು ಬಾನೆಟ್ ಮೇಲೆ ಮಲಗಿದ್ದಂತೆಯೇ ಜೇಬಿನಿಂದ ಕಾಗದ ತೆಗೆದು, ಪೆನ್ನು ಕೇಳಿದರು.

"ಮೊದ್ಲು ಇಳೀರಿ ಸಾರ್" ಎಂದೆ.

"ಮೊದ್ಲು ಸಹಿ ಕಣಪ್ಪ. ಇಳಿದಾಗ ಆ ಹಸು ಮತ್ತೆ ಬಂದ್ರೆ, ನಿನ್ನ ಕೆಲ್ಸಕ್ಕೆ ತೊಂದ್ರೆ ಆಗ್ಬಾರ್ದು!"