ಬೀಗರ ಗಾಳಕ್ಕೆ ನನ್ನ ದಾರ

ಏನೂ ಗೊತ್ತಿಲ್ಲದ ಮನುಷ್ಯನಿಂದ ಲೋಕಕ್ಕೆ ತೊಂದರೆ ಕಡಿಮೆ. ಅವನು ಕೇಳಿ ತಿಳಿದುಕೊಳ್ಳುತ್ತಾನೆ, ಇಲ್ಲವೆ ಸುಮ್ಮನಿರುತ್ತಾನೆ. ಎಲ್ಲ ಗೊತ್ತಿದ್ದವರನ್ನು ನಾನಿನ್ನೂ ಕಂಡಿಲ್ಲ. ಕಷ್ಟವೆಲ್ಲ ಒಂದೇ ಒಂದು ವಿಷಯ ಚೆನ್ನಾಗಿ ಗೊತ್ತಿರುವವರದು. ಮಾತು ಎಲ್ಲಿ ಶುರುವಾದರೂ ಅದನ್ನು ತಮ್ಮ ವಿಷಯಕ್ಕೆ ಎಳೆದು ತಂದು ಕಟ್ಟಿಹಾಕುವವರೆಗೆ ಅವರಿಗೆ ಸಮಾಧಾನವಿಲ್ಲ. ನಾನು ಆ ಜಾತಿಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ವಿಷಯ ದಾರ. ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ನನ್ನದೊಂದು ಹೊಲಿಗೆ ಸಾಮಾನಿನ ಅಂಗಡಿ ಇದೆ. ದಾರ, ಗುಂಡಿ, ಲೇಸು, ಫಾಲು, ಇಲಾಸ್ಟಿಕ್ಕು. ಗದಗಿನಿಂದ ಬಂದು ಈ ಅಂಗಡಿ ಹಾಕಿದ ಮೇಲೆ ಎಷ್ಟು ಮೈಲಿ ದಾರ ಮಾರಿದ್ದೇನೋ ನನಗೇ ತಿಳಿಯದು. ಮದುಮಗಳ ಸೀರೆಯ ಚೂರನ್ನು ದೂರದಿಂದ ತೋರಿಸಿದರೆ ಸಾಕು, ಅದಕ್ಕೊಪ್ಪುವ ರೀಲನ್ನು ಕಣ್ಣುಮುಚ್ಚಿ ತೆಗೆದುಕೊಡುತ್ತೇನೆ. ಲೋಕಲ್ ಟ್ರೇನಿನಲ್ಲಿ ಎದುರಿಗೆ ಕುಳಿತವರ ಶರ್ಟಿನ ಹೊಲಿಗೆಯನ್ನು ದಿಟ್ಟಿಸಿ ನೋಡುವ ಚಟದಿಂದ ಎರಡು ಸಲ ಬೈಸಿಕೊಂಡಿದ್ದೇನೆ.

ಇಂಥ ನನಗೆ ಒಬ್ಬ ಬೀಗರು ಸಿಕ್ಕರು. ಮಗಳು ವೀಣಾ ತಾನೇ ಮೆಚ್ಚಿದ ಹುಡುಗನನ್ನು ಮದುವೆಯಾಗಿ ಐರೋಳಿಗೆ ಹೋದಳು. ಹುಡುಗನ ತಂದೆ ಸಂಜೀವಣ್ಣ ಉಡುಪಿ ಕಡೆಯವರು. ಹೋಟೆಲನ್ನು ಮಗನ ಕೈಗೆ ಒಪ್ಪಿಸಿ ಈಗ ಆರಾಮಾಗಿದ್ದಾರೆ. ಬಂಗಾರದಂಥ ಮನುಷ್ಯರು. ಆದರೆ ಮದುವೆಯ ದಿನದಿಂದಲೂ ನಮ್ಮಿಬ್ಬರ ನಡುವೆ ಒಂದು ಬಿಗಿ ಇತ್ತು. ಕಾರಣ ಊಟ. ನಾವು ತಲೆತಲಾಂತರದಿಂದ ಶಾಕಾಹಾರಿಗಳು. ಮದುವೆಗೆ ಜೋಳದ ರೊಟ್ಟಿ, ಎಣಗಾಯಿ, ನಾಲ್ಕು ತರದ ಚಟ್ನಿ, ಮಾದಲಿ ಎಲ್ಲ ಮಾಡಿಸಿದ್ದೆ. ಅವರು ಎಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ಬಹಳ ವಿನಯದಿಂದ, "ಇನ್ನೆಂತಾದರೂ ಬರ್ಲಿಕ್ಕುಂಟಾ?" ಎಂದು ಕೇಳಿದರು. ಇನ್ನು ಬರಲಿಕ್ಕಿದ್ದದ್ದು ಮಜ್ಜಿಗೆ ಮಾತ್ರ. ಅಂದಿನಿಂದ ನಾವು ಭೇಟಿಯಾದಾಗಲೆಲ್ಲ ಹವೆಯ ಬಗ್ಗೆ ಮಾತಾಡುತ್ತಿದ್ದೆವು, ಆಮೇಲೆ ಟ್ರೇನುಗಳ ಬಗ್ಗೆ, ಆಮೇಲೆ ಇಬ್ಬರೂ ಟೀವಿ ನೋಡುತ್ತಿದ್ದೆವು. ಮಗಳನ್ನು ಕೊಟ್ಟ ಮನೆಯ ಯಜಮಾನರ ಜೊತೆ ಮನಸ್ಸು ಬಿಚ್ಚಿ ನಗಲಾಗುತ್ತಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿಯಾಗಿತ್ತು.

ಒಂದು ರವಿವಾರ ಅವರು ವೀಣಾಳ ಜೊತೆ ನಮ್ಮ ಮನೆಗೆ ಬಂದಿದ್ದರು. ಹವೆ ಮುಗಿದು, ಟ್ರೇನು ಮುಗಿದು, ಇನ್ನೇನು ಟೀವಿ ಹಚ್ಚಬೇಕು ಎನ್ನುವಾಗ ಅವರಾಗಿಯೇ ಬಾಯಿಬಿಟ್ಟರು. ಅವರಿಗೆ ಮೀನು ಹಿಡಿಯುವ ಹುಚ್ಚಂತೆ. ಬೇಲಾಪುರದ ಜೆಟ್ಟಿಯಿಂದ ದಾಮು ಎಂಬ ಬೆಸ್ತರ ನಾಖ್ವಾನ, ಎಂದರೆ ದೋಣಿಯ ಯಜಮಾನನ ಜೊತೆ, ಸಮುದ್ರ ಒಳನುಗ್ಗಿದ ಖಾಡಿಗೆ ಹೋಗುತ್ತಾರಂತೆ. ಸುಮ್ಮನೆ ಗಾಳ ಇಳಿಬಿಟ್ಟು ಕೂರುವುದಲ್ಲ. ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಹಿಂದೆ ಉದ್ದ ದಾರದ ತುದಿಗೆ ಒಂದು ಆಟಿಕೆಯ ಮೀನು ಕಟ್ಟಿ ಎಳೆದುಕೊಂಡು ಹೋಗುವುದು. ಅದನ್ನು ನಿಜವಾದ ಮೀನೆಂದು ನಂಬಿ ಜಿತಾಡಾ ಬಂದು ಬಾಯಿ ಹಾಕುತ್ತದೆ. ಈ ಜಿತಾಡಾ ಎಂಬುದು ಇಲ್ಲಿಯ ಖಾಡಿಗಳ ರಾಜನಂತೆ. "ಎರಡು ಸರ್ತಿ ಕಚ್ಚಿದೆ ಮಾರಾಯ್ರೆ, ಎರಡು ಸರ್ತಿಯೂ ದಾರ ತುಂಡು! ಇಷ್ಟುದ್ದ ಇತ್ತು" ಎಂದು ಅವರು ಚಾಚಿದ ಕೈ ಸೋಫಾದ ಆಚೆ ನಮ್ಮ ಫ್ರಿಜ್ಜಿಗೆ ತಾಗಿತು. "ಒಳ್ಳೆ ದಾರ ಸಿಕ್ಕುವುದಿಲ್ಲ, ಅದೇ ಕಷ್ಟ" ಎಂದರು.

ದಾರ! ನನ್ನ ಕಿವಿ ನೆಟ್ಟಗಾಯಿತು. ಮೀನೆಂದರೆ ಮೂಗು ಮುಚ್ಚಿಕೊಳ್ಳುವವನು ಎದ್ದು ನಿಂತು, "ಬೀಗರ, ದಾರದ ವಿಷಯ ನನಗ ಬಿಟ್ಟುಬಿಡ್ರಿ. ನೀವು ಎಳೀರಿ, ಹರೀತಂದ್ರ ನನ್ನ ಕೇಳ್ರಿ" ಎಂದುಬಿಟ್ಟೆ. ಮಗಳು ಅಡುಗೆಮನೆಯಿಂದಲೇ, "ಪಪ್ಪಾ, ರೆಹನೇ ದೋ ನಾ" ಎಂದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲಿ, ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ತಡೆಯುತ್ತಾಳೆ. ಆದರೆ ಬೀಗರು ಮೊದಲ ಸಲ ನನ್ನನ್ನು ಕಣ್ಣರಳಿಸಿ ನೋಡಿದ್ದರು. ಇನ್ನು ತಡೆಯುವವರು ಯಾರು?

ಠಾಣೆ ಊರಿನ ಹಳೆಯ ನಾಕಾದ ಹತ್ತಿರ ಒಂದು ಗಲ್ಲಿಯಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ಇದೆ ಎಂದು ತಿಳಿದು ಮರುದಿನವೇ ಹೋದೆ. ಬಾಗಿಲಲ್ಲೇ ಒಣಸೀಗಡಿಯ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಒಳಗೆ ಕಾಲಿಡುವ ಧೈರ್ಯವಾಗದೆ, ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲ ಮೇಲೆಯೇ ನಿಂತು ವ್ಯಾಪಾರ ಶುರುಮಾಡಿದೆ. ಅಂಗಡಿಯವನು ಸಾದಾ ತಂಗೂಸು ತೋರಿಸಿದ, ಗಾಜಿನ ಹಾಗೆ ಪಾರದರ್ಶಕವಾದದ್ದು. ಆಮೇಲೆ ಎಳೆ ಹೆಣೆದ ದಾರ ತೋರಿಸಿದ. ಬಣ್ಣ ಬಿಡುತ್ತದೆಯೇ ಎಂಬುದೇ ನಾನು ಕೇಳಿದ ಮೊದಲ ಪ್ರಶ್ನೆ, "ರಂಗ್ ಛೋಡೇಗಾ ಕ್ಯಾ?" ನೀರಿನಲ್ಲೇ ಇರಬೇಕಾದದ್ದಲ್ಲವೆ ಎಂಬ ಧಾಟಿಯಲ್ಲಿ ಅವನು, "ಕಾಕಾ, ಪಾನಿ ಮೇ ಹೀ ತೋ ರೆಹನಾ ಹೈ ಇಸಕೋ" ಎಂದ. ಸಾದಾ ದಾರ ಎಳೆದರೆ ಹಿಗ್ಗುತ್ತದೆ, ಹೆಣೆದದ್ದು ಹಿಗ್ಗುವುದಿಲ್ಲ ಎಂದು ಅವನು ಹೇಳುವ ಮೊದಲೇ ನಾನು ಹೇಳಿದೆ. ಎಂಟೆಳೆಯೋ ನಾಲ್ಕೆಳೆಯೋ ಎಂದು ವಿಚಾರಿಸಿದೆ. ಖಾಡಿಯ ನೀರಿನ ಬಣ್ಣಕ್ಕೆ ಹೊಂದುವಂತೆ ಕೆಸರುಹಸಿರನ್ನು ಆರಿಸಿದೆ. ಇಷ್ಟಾಗುವಷ್ಟರಲ್ಲಿ ಅವನಿಗೂ ನನ್ನ ಮೇಲೆ ಗೌರವ ಬಂದಿತ್ತು. "ನಂಬರ್ ಕೌನಸಾ?" ಎಂದ. ಡಬ್ಬಿಗಳ ಮೇಲೆ ಹದಿನೈದು, ಮೂವತ್ತು, ಐವತ್ತು, ಎಂಬತ್ತು ಎಂದು ಬರೆದಿತ್ತು. ನಾನು ಒಂದು ಕ್ಷಣವೂ ಯೋಚಿಸದೆ, "ಹದಿನೈದು" ಎಂದೆ. "ಟ್ರೋಲಿಂಗ್ ಕೇ ಲಿಯೇ? ಪಕ್ಕಾ?" ಎಂದು ಅವನು ಎರಡು ಸಲ ಕೇಳಿದ. ದೋಣಿಯ ಹಿಂದೆ ಎಳೆಯುವ ದಾರ ಬೇಕೆಂದು ಅವನಿಗೆ ಮೊದಲೇ ಹೇಳಿದ್ದೆ. ದಾರದ ನಂಬರನ್ನು ನನಗೆ ಕಲಿಸಲು ಬಂದವನನ್ನು ಕಂಡು ನಗುವೇ ಬಂತು. "ಪಕ್ಕಾ" ಎಂದೆ.

ಈಗ ಓದುಗರಿಗೆ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಹೊಲಿಗೆಯ ದಾರದಲ್ಲಿ ನಂಬರು ಹೆಚ್ಚಿದಷ್ಟೂ ದಾರ ಸಣ್ಣ. ಹತ್ತು ನಂಬರಿನ ದಾರದಲ್ಲಿ ಗೋಣಿಚೀಲ ಹೊಲಿಯಬಹುದು, ಎಂಬತ್ತು ನಂಬರು ಅಂದರೆ ತೆಳುವಾದ ಬ್ಲೌಸಿಗೆ. ಇದು ನನ್ನ ರಕ್ತದಲ್ಲಿ ಸೇರಿಹೋದ ವಿಷಯ. ಹಾಗಿರುವಾಗ ರಾಜನಂಥ ಮೀನಿಗೆ ಎಂಬತ್ತು ನಂಬರು ಯಾವ ಹುಚ್ಚ ಕೊಂಡಾನು? ಕೈಯಲ್ಲಿ ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಡಬ್ಬಿ ಒಣಸೀಗಡಿಯ ಪಕ್ಕದಲ್ಲಿತ್ತು, ನನ್ನ ಒಂದು ಕೈ ಮೂಗಿನ ಮೇಲಿತ್ತು. ಅದನ್ನು ಚೀಲಕ್ಕೆ ಹಾಕಿಸಿಕೊಂಡು, ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿಸಿಕೊಂಡು ಕಲ್ಯಾಣ ಲೋಕಲ್ ಹತ್ತಿದೆ.

ನಮ್ಮ ಕಡೆ ಬೀಗರಿಗೆ ಏನೇ ಕೊಟ್ಟರೂ ಆಯೇರಿಯ ಶಾಸ್ತ್ರದಿಂದಲೇ ಕೊಡಬೇಕು. ತಾಟಿನಲ್ಲಿ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಪಕ್ಕದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ. ನನ್ನಾಕೆ ಗಿರಿಜಾ ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. "ಏನ್ರೀ, ಇದರಿಂದ ಜೀವ ಹೋಗತಾವ. ಇದಕ್ಕ ಕುಂಕುಮ ಹಚ್ಚಲೇನು?"

"ಹಚ್ಚು ಹಚ್ಚು. ಬೀಗರಿಗೆ ಹಂಗ ಕೊಡಾಕ ಬರ್ತದೇನು?"

"ನಂಬರ ಬರೋಬ್ಬರಿ ಐತಿಲ್ಲೋ?"

"ದಾರದ ವಿಷಯ ನನಗ ಹೇಳಬ್ಯಾಡ" ಎಂದೆ. ಅವಳು ಹೇಳಲಿಲ್ಲ. ಮುಂದಿನ ರವಿವಾರ ಐರೋಳಿಯಲ್ಲಿ ಸಂಜೀವಣ್ಣ ಎರಡೂ ಕೈಯಿಂದ ತಾಟು ತೆಗೆದುಕೊಂಡು, ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡರು. ಒಳಗೆ ಹೋಗಿ ದಾರವನ್ನು ಗಾಳದ ಕೋಲಿನ ರೀಲಿಗೆ ಸುತ್ತಿಕೊಂಡು ಬಂದರು. ಸುತ್ತುವುದು ಸ್ವಲ್ಪ ತಡವಾಯಿತು. ಹೊರಬಂದವರು, "ಬೀಗರೇ, ಇಷ್ಟು ಮಾಡಿದ ಮೇಲೆ ನೀವೂ ದೋಣಿಗೆ ಬರ್ಲೇಬೇಕು" ಎಂದರು. ಬೀಗರೇ ಎಂದು ಕರೆಯುವುದನ್ನು ಅವರು ನಮ್ಮಿಂದಲೇ ಕಲಿತದ್ದು. ಇಷ್ಟು ದಿನ ಇಲ್ಲದ ಸಲಿಗೆ ಆ ಮಾತಿನಲ್ಲಿತ್ತು.

ದೋಣಿಯಲ್ಲಿ ನನ್ನ ಸ್ಥಿತಿ ಏನೆಂದು ಹೇಳಲಿ? ದಾರ ಗಟ್ಟಿಯಾಗಿ ನಿಲ್ಲಬೇಕು, ಮೀನು ಮಾತ್ರ ಸಾಯಬಾರದು ಎಂದು ಒಂದೇ ದೇವರಿಗೆ ಎರಡೂ ಬೇಡಿಕೆ ಸಲ್ಲಿಸಿ, ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತೆ. ದಾಮು ಇಂಜಿನ್ನನ್ನು ಸಣ್ಣಗೆ ಓಡಿಸುತ್ತಿದ್ದ. ಹಿಂದೆ ನನ್ನ ಕೆಸರುಹಸಿರು ದಾರ ನೀರಿನಲ್ಲಿ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಬಣ್ಣ ಅಷ್ಟು ಚೆನ್ನಾಗಿ ಕೂಡಿತ್ತು, ಅದನ್ನು ಇಬ್ಬರಿಗೂ ತೋರಿಸಿ ಹೇಳಿದೆ. ಒಂದು ತಾಸಿನ ಮೇಲೆ ಸಂಜೀವಣ್ಣನ ಕೈಯ ಕೋಲು ಒಮ್ಮೆಲೇ ಬಾಗಿತು. ದೂರದಲ್ಲಿ ನೀರು ಸೀಳಿಕೊಂಡು ಒಂದು ಬೆಳ್ಳಿಯ ಬೆನ್ನು ಮೇಲೆದ್ದಿತು. ಫ್ರಿಜ್ಜಿನವರೆಗೆ ಕೈ ಚಾಚಿದ್ದರಲ್ಲ, ಅದು ಸುಳ್ಳಲ್ಲ ಎಂದು ಆಗ ನಂಬಿದೆ. ಸಂಜೀವಣ್ಣ ಎದ್ದು ನಿಂತರು, ದಾಮು ಕೂಗಿದ, ನಾನೂ ಏನೋ ಕೂಗಿದೆ. ಟಪ್ ಎಂದಿತು. ಕೋಲು ನೆಟ್ಟಗಾಯಿತು.

ದಾಮು ಬಂದು ದಾರದ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿ, "ಶೇಟ್, ಹಾ ತರ್ ಬೋಯಿಟಾಚಾ ದೋರಾ" ಎಂದ. ಬೋಯಿಟ ಎಂದರೆ ಗೇಣುದ್ದದ ಮೀನು. "ಪಂಧರಾ ನಂಬರ್ ಸಗಳ್ಯಾತ್ ಬಾರೀಕ್" ಎಂದೂ ಸೇರಿಸಿದ. ಹದಿನೈದೇ ಎಲ್ಲಕ್ಕಿಂತ ಸಣ್ಣದು! ಮೀನಿನ ದಾರದಲ್ಲಿ ನಂಬರು ಏರಿದಷ್ಟೂ ದಾರ ದಪ್ಪ ಎಂಬುದು ನನ್ನ ತಲೆಗೆ ಹೊಕ್ಕಿತು. ಮುಖ ಸುಟ್ಟಂತಾಯಿತು. ಮೀನು ಹೋಯಿತು, ಕಸುಬಿನ ಮರ್ಯಾದೆ ಹೋಯಿತು, ಈಗಷ್ಟೇ ಸಿಕ್ಕ ಬೀಗರೂ ಹೋದರು ಎಂದುಕೊಂಡೆ. ಆಗ ಸಂಜೀವಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ನೀವು ಬೇಕೆಂತಲೇ ತಂದದ್ದಲ್ವಾ ಬೀಗರೇ? ಮೀನು ಪಾಪ ಅಂತ?" ಎಂದರು.

ಇಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಹೊರಬಂದದ್ದು, "ಹೌದ್ರಿ." ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಜೆಟ್ಟಿ ಬರುವವರೆಗೆ ಸುಮಾರು ಅರ್ಧ ತಾಸು, ಸಕಲ ಜೀವಿಗಳಲ್ಲಿ ದಯೆ ಇರಬೇಕಾದ್ದರ ಬಗ್ಗೆ ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ಕೊನೆಗೆ ನನಗೇ ಅದೆಲ್ಲ ನಿಜವೆನಿಸಿತು. ಸಂಜೀವಣ್ಣ ತಲೆ ತಗ್ಗಿಸಿ ಕೇಳಿದರು. ದಾಮುವಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಸಾರಾಂಶವನ್ನು ಮರಾಠಿಯಲ್ಲಿ ಬೇರೆ ಹೇಳಿದೆ. ಮನೆಗೆ ಬಂದು ಗಿರಿಜಾಗೂ ಹಾಗೆಯೇ ಹೇಳಿದೆ. ಅವಳೂ ನಮ್ಮ ಅಂಗಡಿಯ ಗಲ್ಲೆಯ ಮೇಲೆ ಕೂತು ದಾರ ಮಾರಿದವಳು. "ಹಂಗೇನು?" ಎಂದಳು, ಅಷ್ಟೇ.

ಎರಡು ವಾರದ ಮೇಲೆ ವೀಣಾ ಫೋನು ಮಾಡಿದಳು. "ಪಪ್ಪಾ, ಆಪನೇ ಕ್ಯಾ ಬೋಲಾ ಉನಕೋ? ದೋ ಸಂಡೇ ಸೇ ಘರ್ ಪೇ ಬೈಠೇ ಹೈ." ಮಾವನವರು ದೋಣಿಯ ಹೆಸರೆತ್ತುತ್ತಿಲ್ಲ, ಕಿಟಕಿಯಲ್ಲಿ ಕೂತು ಹೊರಗೆ ನೋಡುತ್ತಾರೆ, ಅತ್ತೆಯವರಿಗೆ ಅಡುಗೆಯಲ್ಲಿ ಸಲಹೆ ಕೊಡುತ್ತಾರೆ, ಮನೆಯವರಿಗೆಲ್ಲ ಸಾಕಾಗಿಹೋಗಿದೆ ಎಂಬುದು ಅದರ ತಾತ್ಪರ್ಯ. ನನಗೆ ಅನ್ನ ಇಳಿಯಲಿಲ್ಲ. ನನ್ನ ಸುಳ್ಳು ದಯೆಗೆ ಒಬ್ಬ ನಿಜವಾದ ಮನುಷ್ಯ ತಮ್ಮ ಇಷ್ಟದ ಒಂದೇ ಸುಖವನ್ನು ಬಿಟ್ಟುಕೂತಿದ್ದಾರೆ. ದಾರ ಗೊತ್ತಿಲ್ಲದವನು ಎನಿಸಿಕೊಂಡರೂ ಸರಿ ಎಂದು ನಿರ್ಧರಿಸಿ, ಠಾಣೆಗೆ ಹೋಗಿ, ಈ ಸಲ ಮೂಗು ಬಿಟ್ಟು ಅಂಗಡಿಯ ಒಳಗೇ ಕಾಲಿಟ್ಟು, ಎಂಬತ್ತು ನಂಬರಿನ ದಾರ ತೆಗೆದುಕೊಂಡು ಐರೋಳಿಗೆ ಹೋದೆ.

ಎಲ್ಲವನ್ನೂ ಒಪ್ಪಿಕೊಂಡೆ. ಗೋಣಿಚೀಲದಿಂದ ಬ್ಲೌಸಿನವರೆಗೆ ಬಿಡಿಸಿ ಹೇಳಿದೆ. ಸಂಜೀವಣ್ಣ ಕಾಫಿಯ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿನಿಂದ ಎಲ್ಲರೂ ಓಡಿಬಂದರು.

"ರೀಲಿಗೆ ಸುತ್ತುವಾಗಲೇ ನನಗೆ ಗೊತ್ತಾಗಿತ್ತು ಮಾರಾಯ್ರೆ!" ಎಂದರು. "ಕುಂಕುಮ ಹಚ್ಚಿ, ತಾಟಿನಲ್ಲಿಟ್ಟು ತಂದುಕೊಟ್ಟಿದ್ದೀರಿ. ಬೇಡ ಅಂತ ಹೇಳುವುದು ಹೇಗೆ? ಜಿತಾಡಾ ನಾಳೆ ಇನ್ನೊಂದು ಬರ್ತದೆ. ಬೀಗರು ಇನ್ನೊಬ್ಬರು ಬರ್ತಾರಾ?"

"ಮತ್ತ ಎರಡು ರವಿವಾರದಿಂದ ಹೋಗಿಲ್ಲಲ್ರೀ..."

"ದಾಮುವಿನ ಇಂಜಿನ್ ರಿಪೇರಿಗೆ ಹೋಗಿದೆ, ಅದಕ್ಕೆ."

ದೋಣಿಯಲ್ಲಿ ನನ್ನ ಮಾನ ಹೋಗದಿರಲೆಂದು ಆ ಮನುಷ್ಯ, ಕೈಗೆ ಬಂದ ಮೀನನ್ನು ಕಳೆದುಕೊಂಡ ಆ ಗಳಿಗೆಯಲ್ಲೂ, ನನಗೊಂದು ಸುಳ್ಳನ್ನು ಹುಡುಕಿ ಕೊಟ್ಟಿದ್ದರು. ಕಣ್ಣು ತುಂಬಿ ಬಂತು. ಅವರ ಕೈ ಹಿಡಿದುಕೊಂಡು, ನಿಮ್ಮಂಥ ದೊಡ್ಡ ಮನಸ್ಸಿನವರನ್ನು ನಾನು ಕಂಡಿಲ್ಲ ಎಂದು ನಾಲ್ಕು ಮಾತು ಹೇಳಲು ಶುರುಮಾಡಿದೆ. ಅವರು ಗಾಬರಿಯಿಂದ ಕೈ ಬಿಡಿಸಿಕೊಂಡರು.

"ಬೇಡ ಬೇಡ, ಶುರು ಮಾಡ್ಬೇಡಿ. ಮೀನು ಪಾಪ ಅಂತ ಒಂದು ನೆಪ ಹುಡುಕಿ ಕೊಟ್ಟದ್ದು ನಾನು, ಒಪ್ತೇನೆ. ಆದರೆ ಆ ಅರ್ಧ ಗಂಟೆಯ ಭಾಷಣ ಮಾತ್ರ ಪೂರ್ತಿ ನಿಮ್ಮದೇ, ಬೀಗರೇ."